‘ಸೀಟ್ ಬೆಲ್ಟ್ ಬಿಗಿದುಕೊಳ್ಳಿ’ ಅಂದರೆ ಟೊಂಕ ಕಟ್ಟಿ ಅಂತಲೇ?

ಪ್ರಶ್ನೆ: ಶಿರಸಿ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಕೆಲಸ ಮಾಡುತ್ತೇನೆ. ವಾರ್ಷಿಕ ವರದಿಗೆಂದು ಅಧ್ಯಕ್ಷರ ಮಾತನ್ನು ಯಾರೋ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ, ಅದನ್ನು ನಾನು ಕನ್ನಡಕ್ಕೆ ತರಬೇಕು. ಅಡಿಕೆ ದರದ ಏರಿಳಿತದ ಬಗ್ಗೆ ಬರೆದು, ಕೊನೆಗೆ ‘ಫಾಸನ್ ಯುವರ್ ಸೀಟ್ ಬೆಲ್ಟ್ಸ್, ಇಟ್ಸ್ ಗೋಯಿಂಗ್ ಟು ಬಿ ಎ ಬಂಪಿ ಇಯರ್’ ಎಂದು ಮುಗಿಸಿದ್ದಾರೆ. ನಾನು ‘ಟೊಂಕ ಕಟ್ಟಿ ನಿಲ್ಲೋಣ’ ಎಂದು ಹಾಕಿದೆ. ಹಿರಿಯ ನಿರ್ದೇಶಕರೊಬ್ಬರು ನೋಡಿ ‘ಅದು ಬೇರೆ, ಇದು ಬೇರೆ’ ಎಂದರು. ಏನು ಬೇರೆ ಎಂದು ಹೇಳಲಿಲ್ಲ. ‘ಸೀಟ್ ಬೆಲ್ಟ್ ಧರಿಸಿ’ ಅಂದರೆ ಆರ್‌ಟಿಒ ಬೋರ್ಡಿನ ಹಾಗೆ ಕಾಣುತ್ತದೆ. ಯಾವುದು ಸರಿ? ಸಂಘದ ಜೀಪಿಗೂ ಬೆಲ್ಟಿನ ಬಗ್ಗೆ ಒಂದು ಸ್ಟಿಕ್ಕರ್ ಬರೆಸಬೇಕಿದೆ. ಅದರಲ್ಲಿ ಏನು ಬರೆಯಬೇಕು?

ಉತ್ತರ: ನಿರ್ದೇಶಕರು ಹೇಳಿದ್ದು ಸರಿ. ಎರಡೂ ಮಾತಿನಲ್ಲಿ ಸೊಂಟ ಇದೆ, ಸೊಂಟಕ್ಕೆ ಏನನ್ನೋ ಬಿಗಿಯುವುದೂ ಇದೆ. ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುವುದು ಸಹಜ. ಆದರೆ ಟೊಂಕ ಕಟ್ಟಿದವನು ಎದ್ದು ನಿಲ್ಲುತ್ತಾನೆ, ಸೀಟ್ ಬೆಲ್ಟ್ ಕಟ್ಟಿದವನು ಕೂತೇ ಇರುತ್ತಾನೆ. ಒಬ್ಬ ಕೆಲಸಕ್ಕೆ ಹೊರಟವನು, ಇನ್ನೊಬ್ಬನನ್ನು ಏನೋ ಹೊತ್ತುಕೊಂಡು ಹೋಗುತ್ತಿದೆ. ಬೆಲ್ಟು ಕಟ್ಟಿಕೊಂಡವನ ಪಾಲಿಗೆ ಉಳಿದಿರುವುದು ಒಂದೇ, ಕುಲುಕಾಟ ಬಂದಾಗ ಸೀಟಿನಿಂದ ಹಾರದೆ ಇರುವುದು.

ನಿಮ್ಮ ಕಸುಬಿನಲ್ಲೇ ಇದನ್ನು ಇಟ್ಟು ನೋಡಿ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ವಿರುದ್ಧ ಟೊಂಕ ಕಟ್ಟಬಹುದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಶೇ. 1ರ ಬೋರ್ಡೋ ದ್ರಾವಣ ಮಾಡುತ್ತೀರಿ. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆಸುತ್ತೀರಿ. ಕೆಲವರು ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿಸುತ್ತಾರೆ. ಅಲ್ಲಿ ಎದುರಾಳಿ ಇದ್ದಾನೆ, ಕೈಯಲ್ಲಿ ಆಯುಧ ಇದೆ, ಮಾಡಬೇಕಾದ ಕೆಲಸ ಇದೆ. ಹಾಗಾಗಿ ‘ಕೊಳೆ ತಡೆಯಲು ಸಂಘ ಟೊಂಕ ಕಟ್ಟಿ ನಿಂತಿದೆ’ ಎಂಬ ವಾಕ್ಯ ಗಟ್ಟಿಯಾಗಿ ನಿಲ್ಲುತ್ತದೆ. ದರದ ವಿಚಾರ ಹಾಗಲ್ಲ. ಎಲ್ಲಿಂದಲೋ ಆಮದು ಬರುತ್ತದೆ, ಬಯಲುಸೀಮೆಯಲ್ಲಿ ಹೊಸ ತೋಟ ಫಸಲಿಗೆ ಬರುತ್ತದೆ, ಟೆಂಡರಿನಲ್ಲಿ ರಾಶಿ ಅಡಿಕೆಯ ದರ ಒಂದು ವಾರ ಏರಿ ಮುಂದಿನ ವಾರ ಇಳಿಯುತ್ತದೆ. ಬೆಳೆಗಾರ ದರವೆಂಬ ವಾಹನದ ಹಿಂದಿನ ಸೀಟಿನಲ್ಲಿ ಕೂತವನು. ಅವನಿಗೆ ‘ಟೊಂಕ ಕಟ್ಟಿ ನಿಲ್ಲಿ’ ಅಂದರೆ ‘ನಿಂತು ಏನು ಮಾಡಲಿ?’ ಎಂದು ಕೇಳುತ್ತಾನೆ. ನಿರ್ದೇಶಕರಿಗೆ ಕಸಿವಿಸಿಯಾದದ್ದು ಇದೇ ಕಾರಣಕ್ಕೆ ಇರಬೇಕು.

ಕನ್ನಡದಲ್ಲಿ ಕಟ್ಟಿಕೊಂಡು ಹೊರಡುವ ಮಾತುಗಳಿಗೆ ಬರವಿಲ್ಲ. ಟೊಂಕ ಕಟ್ಟು, ನಡು ಕಟ್ಟು, ಸೊಂಟ ಬಿಗಿ, ಕಚ್ಚೆ ಬಿಗಿ. ಪತ್ರಿಕೆಗಳಲ್ಲಿ ದಿನಾ ಓದುವ ‘ಸರ್ಕಾರ ಕಟಿಬದ್ಧವಾಗಿದೆ’ ಎಂಬುದರಲ್ಲಿ ಕಟಿ ಎಂದರೆ ಸೊಂಟವೇ, ಅಂದರೆ ಟೊಂಕ ಕಟ್ಟಿದ್ದು ಸಂಸ್ಕೃತದ ಪಂಚೆ ಉಟ್ಟು ಬಂದಿದೆ. ‘ಸನ್ನದ್ಧ’ ಕೂಡ ಇದೇ ಮನೆತನದ್ದು. ‘ನದ್ಧ’ ಎಂದರೆ ಕಟ್ಟಿದ್ದು, ಸನ್ನದ್ಧ ಎಂದರೆ ಕವಚ ಬಿಗಿದುಕೊಂಡು ನಿಂತವನು. ವ್ರತಕ್ಕೆ, ಮದುವೆಗೆ ಕಂಕಣ ಕಟ್ಟುತ್ತೇವೆ, ಅದರಿಂದ ‘ಕಂಕಣಬದ್ಧ’ ಬಂತು. ಯಕ್ಷಗಾನದಲ್ಲಂತೂ ಗೆಜ್ಜೆ ಕಟ್ಟಿದರು ಅಂದರೆ ಕಲಾವಿದರಾದರು ಎಂದೇ ಅರ್ಥ. ವೇಷವನ್ನೂ ಕಟ್ಟುವುದೇ, ಎದೆಕಟ್ಟು, ತೋಳುಕಟ್ಟು, ಸೊಂಟಕ್ಕೆ ಡಾಬು ಎಲ್ಲ ಬಿಗಿದ ಮೇಲೆ ರಂಗಕ್ಕೆ ಹೋಗುವುದು. ಹಿಂದಿಯ ‘ಕಮರ್ ಕಸ್ನಾ’, ಕಾರವಾರದ ಕಡೆ ಕಿವಿಗೆ ಬೀಳುವ ಮರಾಠಿಯ ‘ಕಂಬರ್ ಕಸಣೆ’ ಕೂಡ ಟೊಂಕ ಕಟ್ಟುವುದೇ.

ಈ ಪಟ್ಟಿಯಲ್ಲಿ ಕಟ್ಟಿಕೊಂಡು ಸುಮ್ಮನೆ ಕೂರುವವನು ಒಬ್ಬನೂ ಇಲ್ಲ. ಕಟ್ಟುವುದು ಎಂದರೆ ಹೊರಡುವುದು ಎಂಬುದು ನಮ್ಮ ಮಾತಿನ ಜಾಡು. ಹಾಗಾಗಿಯೇ ಕಟ್ಟಿಕೊಂಡು ಕೂರುವ ಈ ಇಂಗ್ಲಿಷ್ ಮಾತು ಬಂದಾಗ ಕೈ ತಾನಾಗಿ ಟೊಂಕದತ್ತ ಹೋಗುತ್ತದೆ.

ಆ ಮಾತು ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು, ಕ್ರಿಯಾಪದ ಆರಿಸುವಾಗ ಅದು ಉಪಯೋಗಕ್ಕೆ ಬರುತ್ತದೆ. ಈಗ ಸೀಟ್ ಬೆಲ್ಟ್ ಅಂದರೆ ಕಣ್ಣಿಗೆ ಕಾರು ಬರುತ್ತದೆ, ಆದರೆ ಈ ನುಡಿಗಟ್ಟು ವಿಮಾನದ್ದು. ಇದನ್ನು ಜನಪ್ರಿಯ ಮಾಡಿದ್ದು 1950ರ ಹಾಲಿವುಡ್ ಚಿತ್ರ ‘ಆಲ್ ಅಬೌಟ್ ಈವ್’. ಬೆಟಿ ಡೇವಿಸ್ ಅಭಿನಯಿಸಿದ ಹಿರಿಯ ನಟಿಯ ಪಾತ್ರ, ತನ್ನದೇ ಮನೆಯ ಪಾರ್ಟಿಯಲ್ಲಿ, ಬೆಲ್ಟ್ ಬಿಗಿದುಕೊಳ್ಳಿ, ಇವತ್ತಿನ ರಾತ್ರಿ ಕುಲುಕಾಟದ್ದು ಎಂಬರ್ಥದ ಮಾತನ್ನಾಡುತ್ತದೆ. ಆಗ ಸಾಮಾನ್ಯ ಕಾರುಗಳಲ್ಲಿ ಬೆಲ್ಟೇ ಇರುತ್ತಿರಲಿಲ್ಲ. ಇಂದು ನಾವು ಎದೆಯ ಮೇಲಿಂದ ಎಳೆದು ಹಾಕುವ ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ, ಅದು ಕಾರುಗಳಿಗೆ ಬಂದದ್ದು 1959ರಲ್ಲಿ. ಚಿತ್ರದ ಮೂಲ ಮಾತಿನಲ್ಲಿ ಇರುವುದು ‘ಬಂಪಿ ನೈಟ್’. ಜನರ ಬಾಯಲ್ಲಿ ಅದು ‘ಬಂಪಿ ರೈಡ್’ ಆಗಿದೆ. ಕಾರುಗಳಿಗೆ ಬೆಲ್ಟು ಬಂದ ಮೇಲೆ ರಾತ್ರಿ ಹೋಗಿ ಸವಾರಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ನಿಮಗೆ ಕರಡು ಬರೆದುಕೊಟ್ಟವರು ಆ ಜಾಗಕ್ಕೆ ‘ಇಯರ್’ ತಂದಿದ್ದಾರೆ.

ಇನ್ನೂ ಒಂದು ವಿಷಯ. ಆ ಪಾರ್ಟಿಯಲ್ಲಿ ಬಿರುಗಾಳಿ ಎಬ್ಬಿಸಲು ಹೊರಟವಳು ಅದೇ ನಟಿ, ಎಚ್ಚರಿಕೆ ಕೊಡುವವಳೂ ಅವಳೇ. ಇಂಗ್ಲಿಷಿನಲ್ಲಿ ಈ ಮಾತಿಗೆ ಇಂದಿಗೂ ಅಂಟಿಕೊಂಡಿರುವ ದನಿ ಅದು: ಅರ್ಧ ಎಚ್ಚರಿಕೆ, ಅರ್ಧ ‘ನೋಡ್ತಾ ಇರಿ’ ಎಂಬ ಕುಷಿ. ಸಂಘದ ಅಧ್ಯಕ್ಷರು ಸದಸ್ಯರಿಗೆ ಹೇಳುವಾಗ ಆ ಕುಷಿ ಬೇಕೋ ಬೇಡವೋ ಎಂಬುದನ್ನು ನೀವು ಮೊದಲು ತೀರ್ಮಾನಿಸಬೇಕು. ದರ ಬೀಳುತ್ತದೆ ಎಂಬ ಸುದ್ದಿಗೆ ಅದು ಬೇಡ ಎಂದೇ ನನಗನ್ನಿಸುತ್ತದೆ.

‘ಬಕಲ್ ಅಪ್’ ಎಂಬುದು ಇದರ ದಾಯಾದಿ. ಬಕಲ್ ಎಂಬ ಪದದ ಬೇರು ಲ್ಯಾಟಿನ್ನಿನ ‘ಬುಕ್ಕುಲಾ’, ಪುಟ್ಟ ಕೆನ್ನೆ ಎಂದರ್ಥ. ಸೈನಿಕರ ಶಿರಸ್ತ್ರಾಣವನ್ನು ಕೆನ್ನೆಯ ಪಕ್ಕ ಬಿಗಿಯುತ್ತಿದ್ದ ಪಟ್ಟಿಯಿಂದ ಬಂದದ್ದು, ಫ್ರೆಂಚ್ ದಾಟಿ ಇಂಗ್ಲಿಷಿಗೆ ಇಳಿಯಿತು. ಅನುವಾದ ಮಾಡುವವರು ಎಡವುವುದು ಅದರ ಬಾಲಗಳಲ್ಲಿ. ‘ಬಕಲ್ ಅಪ್’ ಎಂದರೆ ಬೆಲ್ಟ್ ಹಾಕಿಕೋ, ಕುಲುಕಾಟಕ್ಕೆ ತಯಾರಾಗು. ‘ಬಕಲ್ ಡೌನ್’ ಎಂದರೆ ಪಟ್ಟು ಹಿಡಿದು ಕೆಲಸಕ್ಕೆ ಕೂರು. ನೀವು ಹಾಕಿದ ‘ಟೊಂಕ ಕಟ್ಟಿ’ ಇದಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಬಾಲವಿಲ್ಲದ ‘ಬಕಲ್’ ಕ್ರಿಯಾಪದವಾಗಿ ಬಂದರೆ ಭಾರಕ್ಕೋ ಬಿಸಿಗೋ ಸೊಟ್ಟಗಾಗು, ಕುಸಿ ಎಂದು ತೀರಾ ಬೇರೆ ಅರ್ಥ. ಬಿರುಬಿಸಿಲಿಗೆ ರೈಲು ಹಳಿ ಡೊಂಕಾಗುವುದನ್ನು ಹೇಳುವ ಪದ ಅದು. ಮೂರನ್ನೂ ‘ಸಿದ್ಧರಾಗಿ’ ಎಂದು ತರುವವರಿದ್ದಾರೆ.

ಈಗ ಕ್ರಿಯಾಪದಕ್ಕೆ ಬರೋಣ. ಧರಿಸಿ, ಹಾಕಿಕೊಳ್ಳಿ, ಕಟ್ಟಿಕೊಳ್ಳಿ, ಬಿಗಿದುಕೊಳ್ಳಿ ನಾಲ್ಕೂ ಚಾಲ್ತಿಯಲ್ಲಿವೆ, ನಾಲ್ಕಕ್ಕೂ ಬೇರೆ ಬೇರೆ ಜಾಗ. ‘ಧರಿಸಿ’ ಎಂಬುದು ಬೋರ್ಡಿನ ಪದ. ‘ಹೆಲ್ಮೆಟ್ ಧರಿಸಿ, ಸೀಟ್ ಬೆಲ್ಟ್ ಧರಿಸಿ’ ಎಂದು ಇಲಾಖೆ ಬರೆಸುತ್ತದೆ, ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಕಿರೀಟ, ಜನಿವಾರ, ವಸ್ತ್ರ, ಹೀಗೆ ಮೈಮೇಲೆ ಇದ್ದು ಗುರುತು ಕೊಡುವ ವಸ್ತುಗಳಿಗೆ ಒಗ್ಗಿದ ಪದ ಅದು. ಆರ್‌ಟಿಒ ವಾಸನೆ ಬಂತೆಂದು ನೀವು ಅಂದದ್ದು ಸರಿಯಾಗಿಯೇ ಇದೆ.

ಮಾತಿನಲ್ಲಿ ಇರುವುದು ‘ಹಾಕಿಕೊಳ್ಳಿ’. ಶಿರಸಿ ಕಡೆಯ ಹವ್ಯಕರ ಮನೆಯಲ್ಲಿ ‘ಬೆಲ್ಟ್ ಹಾಕ್ಯ’ ಎಂದಾಗುತ್ತದೆ. ಇದರಲ್ಲಿ ‘ಕೊಳ್ಳು’ ಬಿಡಬಾರದು. ‘ಬೆಲ್ಟ್ ಹಾಕಿ’ ಎಂದರೆ ಇನ್ನೊಬ್ಬರಿಗೆ ಹಾಕುವುದೂ ಆಗಬಹುದು, ‘ಮಗುವಿಗೆ ಬೆಲ್ಟ್ ಹಾಕಿ’ ಎಂಬಂತೆ. ಜಾಗ ಸಾಲದ ಬೋರ್ಡಿನಲ್ಲಿ ‘ಕೊಳ್ಳು’ ಕತ್ತರಿಸಿದರೆ ನಡೆದೀತು, ನುಡಿಗಟ್ಟಾಗಿ ಬಳಸುವಾಗ ಕತ್ತರಿಸಿದರೆ ವಾಕ್ಯ ಕುಂಟುತ್ತದೆ.

‘ಕಟ್ಟಿಕೊಳ್ಳಿ’ ಕಿವಿಗೆ ಹಿತ, ಆದರೆ ಅದರ ಬೆನ್ನಿಗೆ ಬೇರೆ ಸಂಸಾರಗಳಿವೆ. ‘ಕಟ್ಟಿಕೊಂಡವಳು’ ಎಂದರೆ ಹೆಂಡತಿ. ಬೆಲ್ಟಿಗೆ ಗಂಟು ಹಾಕುವುದಿಲ್ಲ, ಕೊಕ್ಕೆ ಸಿಕ್ಕಿಸುವುದು ಎಂಬ ತಕರಾರೂ ಉಂಟು. ತಪ್ಪೇನಲ್ಲ, ಮಾತಿನಲ್ಲಿ ಧಾರಾಳ ಬಳಸಬಹುದು.

‘ಬಿಗಿದುಕೊಳ್ಳಿ’ ಎಂಬುದಕ್ಕೆ ವಸ್ತುವಿನಿಂದಲೇ ಬಂದ ಬಲವಿದೆ. ವಿಮಾನದ ಬೆಲ್ಟು ಸೊಂಟಕ್ಕೆ ಮಾತ್ರ. ಲೋಹದ ನಾಲಿಗೆಯನ್ನು ಬಕಲಿಗೆ ಸಿಕ್ಕಿಸಿ, ಉಳಿದ ಪಟ್ಟಿಯ ತುದಿಯನ್ನು ನಾವೇ ಎಳೆದು ಬಿಗಿ ಮಾಡಬೇಕು; ಬಿಚ್ಚುವುದಕ್ಕೆ ಬಕಲಿನ ಮುಚ್ಚಳ ಎತ್ತಬೇಕು. ಕಾರಿನ ಬೆಲ್ಟು ಹಾಗಲ್ಲ. ಬಾಗಿಲ ಪಕ್ಕದ ಕಂಬದ ಒಳಗಿನ ಸುರುಳಿ ಪಟ್ಟಿಯನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ನಾವು ‘ಟಕ್’ ಅನ್ನುವವರೆಗೆ ನಾಲಿಗೆ ಒತ್ತಿದರೆ ಆಯಿತು, ಬಿಚ್ಚಲು ಕೆಂಪು ಗುಂಡಿ. ಹಾಗಾಗಿ ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುತ್ತೇವೆ, ವಿಮಾನದಲ್ಲಿ ಬಿಗಿದುಕೊಳ್ಳುತ್ತೇವೆ. ನುಡಿಗಟ್ಟು ವಿಮಾನದಿಂದ ಬಂದದ್ದರಿಂದ ಅದಕ್ಕೆ ಬಿಗಿಯುವುದೇ ಹೊಂದುತ್ತದೆ. ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ವಿಮಾನ ಹತ್ತಿದವರು ಹಿಂದಿ ಪ್ರಕಟಣೆಯಲ್ಲಿ ‘ಕುರ್ಸೀ ಕೀ ಪೇಟಿ ಬಾಂಧಿಯೇ’ ಎಂದು ಕೇಳಿರುತ್ತೀರಿ. ಕನ್ನಡಕ್ಕೆ ಅಂಥ ಪದ ಬೇಕೆಂದು ‘ಆಸನಪಟ್ಟಿ’ ಬಳಸುವವರಿದ್ದಾರೆ. ಪದ ಕಟ್ಟುವ ರೀತಿಯಲ್ಲಿ ದೋಷವಿಲ್ಲ, ಆದರೆ ಪಟ್ಟಿ ಅಂದರೆ ನಮಗೆ ಯಾದಿಯೂ ಹೌದಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಯಾರು ಯಾವ ಬೆಂಚು ಎಂದು ಅಂಟಿಸಿದ ಹಾಳೆಯ ಹಾಗೆ ಕೇಳುತ್ತದೆ. ‘ಸೊಂಟಪಟ್ಟಿ’ ಎಂದರಂತೂ ಮದುಮಗಳು ಬಂದುಬಿಡುತ್ತಾಳೆ. ಸೀಟ್ ಬೆಲ್ಟ್ ಎಂದೇ ಬರೆಯಿರಿ, ಎಲ್ಲರಿಗೂ ಗೊತ್ತಿರುವ ಪದ.

‘ಸೀಟ್’ ಮಾತ್ರ ಬಿಡಬೇಡಿ. ‘ಈ ವರ್ಷ ಬೆಲ್ಟ್ ಬಿಗಿ ಮಾಡಿಕೊಳ್ಳಿ’ ಎಂದು ಬರೆದಿರೋ, ಅದು ಇಂಗ್ಲಿಷಿನ ಬೇರೆಯೇ ನುಡಿಗಟ್ಟಾಗುತ್ತದೆ: ಖರ್ಚು ಕಡಿಮೆ ಮಾಡಿ, ಹೊಟ್ಟೆ ಕಟ್ಟಿ ಎಂಬುದು. ಕನ್ನಡದಲ್ಲಿ ಅದಕ್ಕೆ ‘ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳುವುದು’ ಎಂಬ ಖಡಕ್ ಮಾತೇ ಇದೆ. ದರದ ಬಗ್ಗೆ ಬರೆದ ಪುಟದಲ್ಲಿ ಸದಸ್ಯರು ಅದನ್ನು ಹಾಗೆಯೇ ಓದುತ್ತಾರೆ, ಲಾಭಾಂಶ ಕಡಿತವಾಯಿತೇ ಎಂದು ಸಭೆಯಲ್ಲಿ ಎದ್ದು ಕೇಳಿದರೂ ಕೇಳಿದರೇ. ಅದೂ ಅಲ್ಲದೆ ಬೆಲ್ಟ್ ಅಂದರೆ ನಮ್ಮಲ್ಲಿ ಪ್ರದೇಶ ಕೂಡ. ಅಡಿಕೆ ಬೆಲ್ಟು, ಕರಾವಳಿ ಬೆಲ್ಟು, ಘಟ್ಟದ ಮೇಲಿನ ಬೆಲ್ಟು. ಚುನಾವಣೆ ಹತ್ತಿರ ಬಂದರೆ ಸೀಟಿಗೂ ಬೇರೆ ಅರ್ಥ.

ಇಂಗ್ಲಿಷ್ ವಾಕ್ಯದ ಅಸ್ಥಿಪಂಜರ ಉಳಿಯುವುದು ಇನ್ನೊಂದು ಕಡೆ. ‘ನಿಮ್ಮ ಸೀಟ್ ಬೆಲ್ಟ್‌ಗಳನ್ನು ಬಿಗಿಗೊಳಿಸಿಕೊಳ್ಳಿ’ ಎಂದು ಬರೆಯುವವರನ್ನು ದಿನಾ ಕಾಣುತ್ತೇವೆ. ‘ನಿಮ್ಮ’ ಬೇಡ, ಪಕ್ಕದವರ ಬೆಲ್ಟನ್ನು ಯಾರೂ ಹಾಕಿಕೊಳ್ಳುವುದಿಲ್ಲ. ‘ಗಳು’ ಬೇಡ, ಹೆಲ್ಮೆಟ್ಟುಗಳನ್ನು ಹಾಕಿಕೊಳ್ಳಿ ಎಂದು ನಾವು ಹೇಳುವುದಿಲ್ಲವಲ್ಲ. ‘ಅನ್ನು’ ಬೇಡ. ‘ಬಿಗಿಗೊಳಿಸು’ ಕಾನೂನಿಗೆ, ಬಿಗಿ ಬಂದೋಬಸ್ತಿಗೆ ಹೇಳಿದ್ದು. ಎಲ್ಲ ತೆಗೆದರೆ ‘ಸೀಟ್ ಬೆಲ್ಟ್ ಬಿಗಿದುಕೊಳ್ಳಿ’ ಎಂಬ ಮೂರೇ ಪದ ಉಳಿಯುತ್ತವೆ, ಅಷ್ಟೇ ಸಾಕು.

ಹಾಗಾದರೆ ಕೂತವನಿಗೆ ಹೇಳುವ ನಮ್ಮದೇ ಮಾತು ಇಲ್ಲವೇ? ಇದೆ, ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಬಸ್ಸಿನಲ್ಲಿ ಸಿಗುತ್ತದೆ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವ, ಯಲ್ಲಾಪುರದಿಂದ ಅಂಕೋಲೆಗೆ ಅರೆಬೈಲು ಇಳಿಯುವ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣಿಕರಿಗೆ ಬೆಲ್ಟೇ ಇಲ್ಲ. ತಿರುವು ಶುರುವಾಗುವ ಹೊತ್ತಿಗೆ ನಿಂತವರಿಗೂ ಕೂತವರಿಗೂ ಹೇಳುವುದು ಒಂದೇ: ‘ಗಟ್ಟಿ ಹಿಡ್ಕಳಿ’. ಅಷ್ಟರಲ್ಲಿ ಎಲ್ಲವೂ ಇದೆ. ಮುಂದೆ ಕುಲುಕಾಟ ಇದೆ ಎಂಬ ಎಚ್ಚರಿಕೆ, ಅದನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿಲ್ಲ ಎಂಬ ತಿಳಿವಳಿಕೆ, ನಿಮ್ಮ ಕೈಯಲ್ಲಿರುವುದು ಮುಂದಿನ ಸೀಟಿನ ಕಂಬಿ ಮಾತ್ರ ಎಂಬ ಸಲಹೆ. ಸೀಟ್ ಬೆಲ್ಟಿನ ನುಡಿಗಟ್ಟು ಮಾಡುವ ಕೆಲಸವೂ ಇದೇ.

ಎರಡನೆಯದು ಶಿರಸಿಯವರಿಗೆ ಹೇಳಿಕೊಡಬೇಕಾದ್ದಿಲ್ಲ: ‘ಮುಂದೈತೆ ಮಾರಿಹಬ್ಬ’. ಇಷ್ಟಕ್ಕೇ ಮುಗಿಯಲಿಲ್ಲ, ನಿಜವಾದ ಫಜೀತಿ ಇನ್ನು ಮುಂದೆ ಎಂದು ಹೇಳಲು ಇಡೀ ನಾಡಿನಲ್ಲಿ ಬಳಸುವ ಮಾತು. ಆ ಹಾಲಿವುಡ್ ನಟಿಯ ದನಿಗೆ, ಆ ಎಚ್ಚರಿಕೆಯೊಳಗಿನ ಕುಷಿಗೆ, ಇಷ್ಟು ಹತ್ತಿರದ ಕನ್ನಡ ಇನ್ನೊಂದಿಲ್ಲ. ಆದರೆ ಇದರಲ್ಲಿ ಎಚ್ಚರಿಕೆ ಮಾತ್ರ ಇದೆ, ಏನು ಮಾಡಬೇಕೆಂಬ ಸಲಹೆ ಇಲ್ಲ. ಇಂಗ್ಲಿಷಿನವರು ಒಂದೇ ಉಸಿರಲ್ಲಿ ಹೇಳುವುದನ್ನು ಕನ್ನಡ ಎರಡು ಮಾತಾಗಿ ಹಂಚಿಕೊಂಡಿದೆ: ಎಚ್ಚರಿಸಲು ಮಾರಿಹಬ್ಬ, ಸಲಹೆಗೆ ಗಟ್ಟಿ ಹಿಡ್ಕಳಿ. ನಿಮ್ಮ ವರದಿಯಲ್ಲಿ ಮಾರಿಹಬ್ಬ ತರುವುದಕ್ಕೆ ಇನ್ನೊಂದು ಅಡ್ಡಿಯೂ ಇದೆ. ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಿಜವಾಗಿ ನಡೆಯುತ್ತದೆ, ಊರಿಗೇ ಸಂಭ್ರಮ ಅದು. ಸದಸ್ಯರು ಜಾತ್ರೆ ಈ ವರ್ಷವೋ ಬರುವ ವರ್ಷವೋ ಎಂದು ಬೆರಳೆಣಿಸುತ್ತ ಕೂತಾರು. ಕಾರವಾರದಲ್ಲೋ ಹೊನ್ನಾವರದಲ್ಲೋ ಅಚ್ಚಾಗುವ ವರದಿಯಾದರೆ ತೊಂದರೆ ಇಲ್ಲ.

‘ಎದೆ ಗಟ್ಟಿ ಮಾಡಿಕೊಳ್ಳಿ’ ಎಂಬುದನ್ನು ಇಲ್ಲಿಗೆ ಎಳೆಯಬೇಡಿ. ಅದು ಇಂಗ್ಲಿಷಿನ ‘ಬ್ರೇಸ್ ಯುವರ್‌ಸೆಲ್ಫ್’ ಎಂಬುದಕ್ಕೆ ಸಮ. ಸಾವಿನ ಸುದ್ದಿ, ಆಸ್ಪತ್ರೆಯ ರಿಪೋರ್ಟು, ಇಂಥವಕ್ಕೆ ಮೊದಲು ಹೇಳುವುದು. ಒಂದೇ ಹೊಡೆತಕ್ಕೆ ಅದು, ಬಹಳ ಹೊತ್ತು ಇರುವ ಕುಲುಕಾಟಕ್ಕೆ ಸೀಟ್ ಬೆಲ್ಟು.

ಸೀಟ್ ಬೆಲ್ಟನ್ನು ಕನ್ನಡದಲ್ಲಿ ನುಡಿಗಟ್ಟಾಗಿ ಬಳಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಟಿವಿಯವರು, ಕ್ರಿಕೆಟ್ ವೀಕ್ಷಕ ವಿವರಣೆಯವರು, ಷೇರು ಮಾರುಕಟ್ಟೆ ಬರೆಯುವವರು ಬಳಸುತ್ತಲೇ ಇದ್ದಾರೆ, ಕಾರು ಇರುವ ಮನೆಯ ಹುಡುಗರಿಗೆ ಅದು ಪರಕೀಯವೇನಲ್ಲ. ಬಳಸುವ ಮುನ್ನ ನಿಮ್ಮ ವಾಕ್ಯದಲ್ಲಿ ಇಷ್ಟು ನೋಡಿಕೊಳ್ಳಿ. ಕೇಳುವವರು ಪ್ರಯಾಣಿಕರ ಸ್ಥಾನದಲ್ಲಿದ್ದಾರೆಯೇ? ಅವರೇ ಓಡಿಸುವವರಾದರೆ ಮಾತು ತಪ್ಪಿತು. ಸುತ್ತಲಿನ ವಾಕ್ಯಗಳಲ್ಲಿ ದಾರಿ, ತಿರುವು, ಏರಿಳಿತ ಏನಾದರೂ ಬಂದಿದೆಯೇ? ಕೊಯ್ಲು, ಗೊಬ್ಬರ, ಸಾಲ ವಸೂಲಿ ಎಂದು ಹೋಗುತ್ತಿದ್ದ ಪುಟಕ್ಕೆ ದಿಢೀರನೆ ಒಂದು ಬೆಲ್ಟು ಬಂದು ಬಿದ್ದರೆ ಅದು ಅಂಟಿಸಿದ್ದು ಎಂದು ಕಾಣುತ್ತದೆ. ಕೊನೆಯದು, ಹಗುರ ದನಿ ಆ ಸಂಗತಿಗೆ ತಕ್ಕುದೇ? ‘ಮಳೆಗಾಲ ಬಂತು, ಕರಾವಳಿಗರೇ ಸೀಟ್ ಬೆಲ್ಟ್ ಬಿಗಿದುಕೊಳ್ಳಿ’ ಎಂಬ ತಲೆಬರಹ ಬೇರೆ ಜಿಲ್ಲೆಯಲ್ಲಿ ಚುರುಕಾಗಿ ಕಂಡೀತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಜನ ಸತ್ತರು. ಈ ಜಿಲ್ಲೆಯಲ್ಲಿ ಮಳೆಗೂ ರಸ್ತೆಗೂ ಸೇರಿಸಿ ಆ ಮಾತು ಆಡುವಂತಿಲ್ಲ.

ನಿಮ್ಮ ವಾಕ್ಯಕ್ಕೆ ಬರುತ್ತೇನೆ. ಅಧ್ಯಕ್ಷರು ವೇದಿಕೆ ಮೇಲೆ ನಿಂತು ಓದುವುದಾದರೆ ನನ್ನ ಆಯ್ಕೆ: ‘ಬರುವ ವರ್ಷ ದರಕ್ಕೆ ಘಟ್ಟದ ದಾರಿ, ಗಟ್ಟಿ ಹಿಡಿದು ಕೂರೋಣ.’ ಘಟ್ಟ, ಗಟ್ಟಿ ಎರಡರಲ್ಲೂ ಎರಡನೇ ಅಕ್ಷರ ಒಂದೇ ಒತ್ತಿನ ಟಕಾರ, ಹಳೆಯ ಪದ್ಯಗಳ ಆದಿಪ್ರಾಸದ ಹಾಗೆ ಕಿವಿಯಲ್ಲಿ ನಿಲ್ಲುತ್ತದೆ. ‘ಕೂರಿ’ ಬೇಡ, ‘ಕೂರೋಣ’ ಇರಲಿ. ಅಧ್ಯಕ್ಷರೂ ಅದೇ ಬಸ್ಸಿನಲ್ಲಿ ಕೂತವರು. ಘಟ್ಟವೆಂದರೆ ಬರೀ ಇಳಿತ ಎಂದು ಯಾರಾದರೂ ಆಕ್ಷೇಪ ಎತ್ತಿದರೆ, ಕುಮಟೆಯಿಂದ ಬರುವವರಿಗೆ ಅದು ಏರು ಎಂದು ಹೇಳಿ. ಬೆಲ್ಟು ಇರಲೇಬೇಕು ಎಂದು ಅಧ್ಯಕ್ಷರ ಹಟವಾದರೆ: ‘ದರದ ದಾರಿಯಲ್ಲಿ ತಿರುವುಗಳು ಬಹಳ ಇವೆ, ಸೀಟ್ ಬೆಲ್ಟ್ ಬಿಗಿದುಕೊಂಡು ಕೂರೋಣ.’ ಮೊದಲು ದಾರಿ ಬಂದದ್ದರಿಂದ ಬೆಲ್ಟಿಗೆ ಕೂರಲು ಜಾಗ ಸಿಕ್ಕಿತು. ನಿಮ್ಮ ‘ಟೊಂಕ ಕಟ್ಟಿ ನಿಲ್ಲೋಣ’ ಎಸೆಯಬೇಡಿ, ಕೊಳೆರೋಗ ಅಥವಾ ಎಲೆಚುಕ್ಕಿ ರೋಗದ ಪ್ಯಾರಾ ಇದ್ದರೆ ಅಲ್ಲಿಗೆ ಒಯ್ಯಿರಿ.

ಇನ್ನು ಜೀಪಿನ ಸ್ಟಿಕ್ಕರ್. ಅಲ್ಲಿ ನುಡಿಗಟ್ಟಿನ ಚೆಂದ ಬೇಡ, ಯಾರು ಏನು ಮಾಡಬೇಕು ಎಂಬುದಷ್ಟೇ ಬೇಕು. ಬರೆಯುವ ಮುನ್ನ ಜೀಪಿನ ಹಿಂದೆ ಯಾವ ಸೀಟು ಇದೆ ಎಂದು ನೋಡಿ. ಕೇಂದ್ರ ಮೋಟಾರು ವಾಹನ ನಿಯಮ 138(3) ಹೇಳುವುದು ಬೆಲ್ಟ್ ಒದಗಿಸಿರುವ ವಾಹನದ ಚಾಲಕ, ಮುಂದಿನ ಸೀಟಿನವರು ಮತ್ತು ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರ ಬಗ್ಗೆ. ಬೆಲ್ಟ್ ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಕಲಂ ದಂಡ ಹೇಳುತ್ತದೆ. 2019ರ ತಿದ್ದುಪಡಿಯಲ್ಲಿ ಕೇಂದ್ರ ಇಟ್ಟ ಮೊತ್ತ 1000 ರೂಪಾಯಿ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಇಲ್ಲದೆ ಕೂರಿಸಿದರೂ ಅದೇ ಕಲಂ. ಮುಂದಿನವರು ಹಾಕುತ್ತಾರೆ, ಹಿಂದಿನವರು ಹಾಕುವುದಿಲ್ಲ ಎಂಬುದೇ ಎಲ್ಲ ಕಡೆಯ ರೋಗ. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಪಾಲ್ಘರ್ ಹತ್ತಿರ ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತಿದ್ದರು. ಆದ್ದರಿಂದ ‘ಎಲ್ಲರೂ’ ಎಂದು ಬರೆಯುವುದಕ್ಕಿಂತ ‘ಹಿಂದೆ ಕೂತವರೂ ಬೆಲ್ಟ್ ಹಾಕಿಕೊಳ್ಳಿ’ ಎಂದು ಬರೆದು, ಹಿಂದೆ ಕೂತವರ ಕಣ್ಣಿಗೆ ಬೀಳುವಂತೆ ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿ. ಡ್ಯಾಶ್‌ಬೋರ್ಡಿಗೆ ಅಂಟಿಸಿದರೆ ಓದಬೇಕಾದವರು ಓದುವುದಿಲ್ಲ.

ಜಾಗ ಇದ್ದರೆ ಕೆಳಗೆ ಇನ್ನೊಂದು ಸಾಲು: ‘ಪಟ್ಟಿ ಭುಜದ ಮೇಲೆ, ಕೆಳಗಿನದು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ.’ ಭುಜದ ಪಟ್ಟಿ ಕುತ್ತಿಗೆಗೆ ತಾಗುತ್ತದೆಂದು ಕಂಕುಳ ಕೆಳಗಿಂದ ಹಾಕಿಕೊಳ್ಳುವವರು ಬಹಳ. ಗುದ್ದಿದಾಗ ಆ ಬಲವೆಲ್ಲ ಪಕ್ಕೆಲುಬಿಗೆ ಬೀಳುತ್ತದೆ. ಗರ್ಭಿಣಿಯರಿಗೆ ಕೆಳಗಿನ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ ಬರಬೇಕು.

ಘಟ್ಟದಲ್ಲಿ ‘ಬೆಲ್ಟ್ ಸಿಕ್ಕಿಹಾಕಿಕೊಂಡಿದೆ, ಬರ್ತಾ ಇಲ್ಲ’ ಎಂಬ ದೂರು ಸಾಮಾನ್ಯ. ಬೆಲ್ಟು ಕೆಟ್ಟಿರುವುದಿಲ್ಲ. ಸುರುಳಿಯೊಳಗೆ ಒಂದು ಪುಟ್ಟ ಲೋಹದ ಗುಂಡೋ ತೂಗುಬಿಲ್ಲೆಯೋ ಇರುತ್ತದೆ. ವಾಹನ ಜೋರಾಗಿ ಜರುಗಿದರೂ ವಿಪರೀತ ವಾಲಿ ನಿಂತರೂ ಅದು ಸರಿದು ಹಲ್ಲಿಗೆ ಕೊಂಡಿ ಹಾಕುತ್ತದೆ. ಕಡಿದಾದ ಇಳಿಜಾರಿನಲ್ಲಿ ಚಹಾಕ್ಕೆ ನಿಲ್ಲಿಸಿ, ಮತ್ತೆ ಹತ್ತಿ ಎಳೆದರೆ ಬಾರದಿರುವುದು ಅದಕ್ಕೇ. ಜಗ್ಗಿದಷ್ಟೂ ಬಿಗಿಯುತ್ತದೆ. ಪಟ್ಟಿಯನ್ನು ಪೂರ್ತಿ ಒಳಗೆ ಬಿಟ್ಟು ಮೆಲ್ಲಗೆ ಎಳೆಯಬೇಕು. ಆಗಲೂ ಬಾರದಿದ್ದರೆ ಸಮತಟ್ಟಾದ ಜಾಗಕ್ಕೆ ಸರಿಸಿಕೊಳ್ಳಬೇಕು. ಕರಾವಳಿಯ ವಾಹನಗಳಿಗೆ ಇನ್ನೊಂದು ಕಾಟ, ಕಡಲ ದಂಡೆಯ ಮರಳು ಬಕಲಿನೊಳಗೆ ಸೇರಿ ‘ಟಕ್’ ಸದ್ದು ಬಾರದೆ ಅರ್ಧ ಸಿಕ್ಕಿಕೊಳ್ಳುವುದು. ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುವ ಅಭ್ಯಾಸ ಇರಲಿ. ಪಟ್ಟಿ ಕೊಳೆಯಾದರೆ ಸೋಪಿನ ನೀರಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬ್ಲೀಚ್ ಹಾಕಿದರೆ ನೂಲು ದುರ್ಬಲವಾಗುತ್ತದೆ. ದೊಡ್ಡ ಅಪಘಾತ ಕಂಡ ಬೆಲ್ಟನ್ನು ಮತ್ತೆ ಬಳಸಬಾರದು, ಬದಲಿಸಬೇಕು.

ಜೀಪು ಹಳೆಯದಾಗಿ ಹಿಂದೆ ಎದುರುಬದುರು ಅಡ್ಡ ಬೆಂಚು ಇದ್ದರೆ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಬೆಲ್ಟೇ ಇರುವುದಿಲ್ಲ, ನಿಯಮದ ಮಾತುಗಳಲ್ಲಿ ಅದು ಮುಂದಕ್ಕೆ ಮುಖ ಮಾಡಿದ ಸೀಟೂ ಅಲ್ಲ. ‘ಬೆಲ್ಟ್ ಹಾಕಿಕೊಳ್ಳಿ’ ಎಂದು ಅಲ್ಲಿ ಅಂಟಿಸಿದರೆ ಜನ ಎಡಬಲ ತಡಕಾಡಿ ನಗುತ್ತಾರೆ. ‘ಗಟ್ಟಿ ಹಿಡಿದುಕೊಳ್ಳಿ’ ಎಂದು ಬರೆಯಬಹುದು, ಆದರೆ ಅದು ತಿರುವಿನ ಕುಲುಕಾಟಕ್ಕೆ ಸಾಲುತ್ತದೆಯೇ ಹೊರತು ಡಿಕ್ಕಿಗೆ ಸಾಲುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗುದ್ದಿದರೆ ಸುಮಾರು 20 ಅಡಿ ಎತ್ತರದ ಮರದಿಂದ ಬಿದ್ದಷ್ಟು ಹೊಡೆತ, ಯಾರ ಕೈ ಹಿಡಿತಕ್ಕೂ ನಿಲ್ಲುವಂಥದ್ದಲ್ಲ. ಆ ಬೆಂಚಿನ ಮೇಲೆ ಅಡಿಕೆ ಚೀಲ ಇಡಿ, ಘಟ್ಟ ಇಳಿಯುವಾಗ ಜನರನ್ನು ಕೂರಿಸಬೇಡಿ. ಸ್ಟಿಕ್ಕರಿನಲ್ಲಿ ‘ಇಲ್ಲಿ ಸಾಮಾನು ಮಾತ್ರ’ ಎಂದು ಬರೆಸಿ.